2025ರ ಗೇಮ್ ಸುಗ್ಗಿಯಲ್ಲಿ ಮಲೆನಾಡಿನ ಪಾಲು ಎಷ್ಟು?

ವಿಡಿಯೋ ಗೇಮ್ ಲೋಕದಲ್ಲಿ 2025 ಬಹಳ ಕಾಲ ನೆನಪಿರುವ ವರ್ಷ. ಜೂನ್ 5ಕ್ಕೆ ಬಂದ ನಿಂಟೆಂಡೊ ಕಂಪನಿಯ ಗೇಮ್ ಆಡುವ ಯಂತ್ರ ಸ್ವಿಚ್ 2 ನಾಲ್ಕೇ ದಿನದಲ್ಲಿ 35 ಲಕ್ಷ ಮಾರಾಟವಾಯಿತು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ 1 ಕೋಟಿ ದಾಟಿತ್ತು. ಫೆಬ್ರವರಿ ಕೊನೆಗೆ ಬಂದ ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಮೂರು ದಿನಕ್ಕೆ 80 ಲಕ್ಷ ಪ್ರತಿ ಹೋಯಿತು. ಅಕ್ಟೋಬರಿನ ಬ್ಯಾಟಲ್‌ಫೀಲ್ಡ್ 6 ಮೂರು ದಿನಕ್ಕೆ 70 ಲಕ್ಷ. ಕಂಪ್ಯೂಟರ್ ಗೇಮುಗಳ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ 4 ಕೋಟಿಗೂ ಹೆಚ್ಚು ಜನ ಲಾಗಿನ್ ಆಗಿದ್ದು ಕೂಡ ಅದೇ ವರ್ಷ.

ಇದೆಲ್ಲ ದೊಡ್ಡ ಕಂಪನಿಗಳ ಲೆಕ್ಕ. ಆದರೆ ವರ್ಷದ ಕೊನೆಗೆ ಆಡುವವರ ಬಾಯಲ್ಲಿ ಇದ್ದ ಹೆಸರುಗಳು ಬೇರೆ. ಆ ಗೇಮುಗಳನ್ನು ಮಾಡಿದ್ದು ಸಣ್ಣ ತಂಡಗಳು. ಬೆಲೆ ಕಮ್ಮಿ. ಮಾಡಿದ ಊರುಗಳೂ ಗೇಮಿಂಗ್ ರಾಜಧಾನಿಗಳೇನಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರಿಗೆ ಈ ವರ್ಷ ಮುಖ್ಯ ಅಂತ ನಾನು ಹೇಳುವುದು ಇದೇ ಕಾರಣಕ್ಕೆ. ಗೇಮ್ ಆಡುವವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಗೇಮ್ ಮಾಡುವುದಕ್ಕೆ ಬೇಕಾದ್ದರಲ್ಲಿ ಬಹಳಷ್ಟು ಈಗ ಇಲ್ಲಿಯೇ ಸಿಗುತ್ತದೆ. ಕೆಲವು ಮಾತ್ರ ಇನ್ನೂ ಇಲ್ಲ. ಅವು ಯಾವುವು ಅಂತ ಸರಿಯಾಗಿ ತಿಳಿದುಕೊಂಡರೆ ಒಳ್ಳೆಯದು.

ಮೊದಲು ವರ್ಷದ ದೊಡ್ಡ ಪ್ರಶಸ್ತಿಯ ವಿಷಯ. ಡಿಸೆಂಬರಿನ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿ ಹೋಗಿದ್ದು ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಎಂಬ ಗೇಮಿಗೆ. ಒಟ್ಟು 9 ಪ್ರಶಸ್ತಿ ಬಾಚಿಕೊಂಡಿತು. ಮಾಡಿದ್ದು ಸ್ಯಾಂಡ್‌ಫಾಲ್ ಇಂಟರಾಕ್ಟಿವ್. ಫ್ರಾನ್ಸಿನ ದಕ್ಷಿಣದ ಮಾಂಪೆಲಿಯೆ ಊರಿನವರು, ಅದು ಅವರ ಮೊದಲ ಗೇಮ್. ಏಪ್ರಿಲ್ 24ಕ್ಕೆ ಬಂತು, ಮೂರು ದಿನದಲ್ಲಿ 10 ಲಕ್ಷ ಪ್ರತಿ, ಅಕ್ಟೋಬರ್ ಹೊತ್ತಿಗೆ 50 ಲಕ್ಷ. ಕಥೆ ಹೀಗಿದೆ: ಸಮುದ್ರದ ಆಚೆ ದೊಡ್ಡದೊಂದು ಕಲ್ಲುಕಂಬ. ಪ್ರತಿ ವರ್ಷ ಒಬ್ಬ ಚಿತ್ರಗಾರ್ತಿ ಎದ್ದು ಆ ಕಂಬದ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ. ವರ್ಷ ವರ್ಷವೂ ಸಂಖ್ಯೆ ಒಂದೊಂದೇ ಇಳಿಯುತ್ತದೆ. ಆ ವಯಸ್ಸಾದವರೆಲ್ಲ ಹೂವಿನ ಎಸಳಿನ ಹಾಗೆ ಉದುರಿ ಮಾಯವಾಗುತ್ತಾರೆ. ಅವಳು ಇನ್ನೊಂದು ಸಂಖ್ಯೆ ಬರೆಯುವ ಮೊದಲು ಅವಳನ್ನು ತಡೆಯಲು ಹೊರಟವರ ಕಥೆ ಇದು. ಕಥೆ ನಡೆಯುವ ಊರಿನಲ್ಲಿ ಸೊಟ್ಟಗಾದ ಐಫೆಲ್ ಗೋಪುರ ನಿಂತಿದೆ. ಹಾಡು, ಬಟ್ಟೆ, ಬೀದಿ ದೀಪ ಎಲ್ಲ ನೂರು ಚಿಲ್ಲರೆ ವರ್ಷದ ಹಿಂದಿನ ಫ್ರಾನ್ಸಿನದು. ಅಮೆರಿಕದವರಿಗೆ ಅರ್ಥ ಆಗಲಿ ಅಂತ ಅವರು ತಮ್ಮತನವನ್ನು ತೆಳ್ಳಗೆ ಮಾಡಿಕೊಳ್ಳಲಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. "ಬರೀ ಮೂವತ್ತು ಜನ ಸೇರಿ ಮಾಡಿದ್ರಂತೆ" ಎಂಬ ಸುದ್ದಿ ಎಲ್ಲ ಕಡೆ ಓಡಾಡಿತು. ಮುಖ್ಯ ತಂಡ ಹೆಚ್ಚುಕಡಿಮೆ ಅಷ್ಟೇ, ನಿಜ. ಆದರೆ ಅನಿಮೇಷನ್‌ನ ಒಂದು ಭಾಗ ಕೊರಿಯಾದಲ್ಲಿ ಆಗಿದೆ. ಪರೀಕ್ಷೆ, ಅನುವಾದ, ಸಂಗೀತಗಾರರು ಅಂತ ಸೇರಿಸಿದರೆ ಹೆಸರಿನ ಪಟ್ಟಿ ಬಹಳ ಉದ್ದ ಆಗುತ್ತದೆ. ಹಣ ಹಾಕಿದ ಪ್ರಕಾಶಕರೂ ಇದ್ದರು. ಅಲ್ಲದೆ ಸ್ಥಾಪಕರು ಯೂಬಿಸಾಫ್ಟ್‌ನಂಥ ದೊಡ್ಡ ಕಂಪನಿಯಲ್ಲಿ ಕೆಲಸ ಕಲಿತು ಬಂದವರು. ಗೆಳೆಯರು ನಾಲ್ಕು ಜನ ಸೇರಿ ಬೇಸಿಗೆ ರಜೆಯಲ್ಲಿ ಮಾಡಿದ್ದಲ್ಲ ಅದು. ನಮ್ಮ ಹುಡುಗರು ಈ ಕಥೆಯಿಂದ ಹುರುಪು ತೆಗೆದುಕೊಳ್ಳುವಾಗ ಇಷ್ಟು ನೆನಪಿಟ್ಟುಕೊಳ್ಳಲಿ.

ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಇನ್ನೂ ಸಣ್ಣದು. ಮುಖ್ಯವಾಗಿ ಮೂರೇ ಜನ. 2019ರಲ್ಲಿ ಹಾಲೋ ನೈಟ್: ಸಿಲ್ಕ್‌ಸಾಂಗ್ ಮಾಡುತ್ತೇವೆ ಅಂತ ಹೇಳಿದರು. ಬಂದಿದ್ದು 2025ರ ಸೆಪ್ಟೆಂಬರ್ 4ಕ್ಕೆ. ಬೆಲೆ 20 ಡಾಲರ್. ಬಿಡುಗಡೆಯಾದ ಕ್ಷಣ ಜನ ಹೇಗೆ ನುಗ್ಗಿದರು ಅಂದರೆ ಸ್ಟೀಮ್, ನಿಂಟೆಂಡೊ, ಪ್ಲೇಸ್ಟೇಷನ್ ಅಂಗಡಿಗಳೆಲ್ಲ ಕೈಕೊಟ್ಟವು. ಬಿಡುಗಡೆ ದಿನಾಂಕ ಗೊತ್ತಾಗಿದ್ದು ಎರಡೇ ವಾರ ಮೊದಲು. ಗೊತ್ತಾದ ಕೂಡಲೇ ಎಷ್ಟೋ ಸಣ್ಣ ತಂಡಗಳು ತಮ್ಮ ಗೇಮನ್ನು ಮುಂದಕ್ಕೆ ಹಾಕಿಕೊಂಡವು. ಅಷ್ಟು ವರ್ಷ ಕಾಯಲು ಟೀಮ್ ಚೆರ್ರಿಗೆ ಹೇಗೆ ಆಯಿತು? 2017ರ ಮೊದಲ ಹಾಲೋ ನೈಟ್ ಒಂದೂವರೆ ಕೋಟಿ ಪ್ರತಿ ಮಾರಾಟವಾಗಿದೆ. ಆ ದುಡ್ಡು ಇತ್ತು, ಯಾರಿಗೂ ಉತ್ತರ ಕೊಡಬೇಕಿರಲಿಲ್ಲ. ಆ ಮೊದಲ ಗೇಮಿಗೆ 2014ರಲ್ಲಿ ಜನರಿಂದ ಕೂಡಿಸಿದ್ದು 57 ಸಾವಿರ ಆಸ್ಟ್ರೇಲಿಯನ್ ಡಾಲರ್.

ನನಗೆ ಆ ವರ್ಷ ಎಲ್ಲಕ್ಕಿಂತ ಹಿಡಿಸಿದ್ದು ಪೀಕ್. ನಾಲ್ಕು ಜನ ಒಟ್ಟಿಗೆ ಆಡುವ ಗೇಮ್. ವಿಮಾನ ಬಿದ್ದು ಒಂದು ದ್ವೀಪದಲ್ಲಿ ಸಿಕ್ಕಿಹಾಕಿಕೊಂಡಿರುತ್ತೀರಿ, ಬೆಟ್ಟದ ತುದಿ ಹತ್ತಿದರೆ ಬಚಾವ್. ತೆರೆಯ ಕೆಳಗೆ ಎಷ್ಟು ಶಕ್ತಿ ಉಳಿದಿದೆ ಅಂತ ತೋರಿಸುವ ಒಂದು ಬಣ್ಣದ ಪಟ್ಟಿ ಕಾಣಿಸುತ್ತದೆ. ಹಸಿವಾದರೆ ಆ ಪಟ್ಟಿ ಸಣ್ಣದಾಗುತ್ತದೆ. ಪೆಟ್ಟಾದರೆ ಇನ್ನಷ್ಟು ಸಣ್ಣದು. ಬ್ಯಾಗಿನಲ್ಲಿ ಭಾರ ಜಾಸ್ತಿಯಾದರೂ ಹಾಗೇ. ಮೇಲೆ ಹತ್ತಿದವನು ಕೈ ಚಾಚಿ ಕೆಳಗಿನವನನ್ನು ಎಳೆದುಕೊಳ್ಳಬಹುದು. ಗೆಳೆಯ ದೂರ ಹೋದಷ್ಟೂ ಅವನ ದನಿ ಸಣ್ಣಗಾಗುತ್ತದೆ, ಬಿದ್ದವನ ಕೂಗು ಕೆಳಗೆ ಕೆಳಗೆ ಹೋಗುತ್ತಾ ಕರಗುತ್ತದೆ. ಮಂಜು ಮುಸುಕಿದಾಗ ಕೊಡಚಾದ್ರಿ ಹತ್ತಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ ಅನ್ನಿಸಬಹುದು! ಅಮೆರಿಕದ ಆಗ್ರೋ ಕ್ರ್ಯಾಬ್ ಮತ್ತು ಸ್ವೀಡನ್ನಿನ ಲ್ಯಾಂಡ್‌ಫಾಲ್ ಎಂಬ ಎರಡು ಸಣ್ಣ ಸ್ಟುಡಿಯೊದವರು ಕೊರಿಯಾದಲ್ಲಿ ಕೆಲವು ವಾರ ಒಟ್ಟಿಗೆ ಕೂತು ಇದಕ್ಕೆ ರೂಪ ಕೊಟ್ಟರು. ಜೂನ್‌ನಲ್ಲಿ ಬಿಟ್ಟರು. ಬೆಲೆ 8 ಡಾಲರ್. ಆಗಸ್ಟ್ ಹೊತ್ತಿಗೆ 1 ಕೋಟಿ ಪ್ರತಿ. ಅದರ ಗ್ರಾಫಿಕ್ಸ್ ಬಹಳ ಸರಳ. ಬೆಟ್ಟ ಹತ್ತುವಾಗ ನಾಲ್ಕು ಜನರ ನಡುವೆ ಏನಾಗುತ್ತದೆ ಅನ್ನುವುದನ್ನು ಅವರು ಸರಿಯಾಗಿ ಗಮನಿಸಿದ್ದರು, ಅದಕ್ಕೇ ಗೆದ್ದಿತು.

ದೊಡ್ಡವರ ಕಡೆ ಹಣ ಬಂತು, ನೆಮ್ಮದಿ ಬರಲಿಲ್ಲ. ಮೂರು ದಿನಕ್ಕೆ 80 ಲಕ್ಷ ಮಾರಿದ ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ 5 ಲಕ್ಷವನ್ನೂ ಮುಟ್ಟಲಿಲ್ಲ. ಕಂಪ್ಯೂಟರಿನಲ್ಲಿ ಸರಿಯಾಗಿ ಓಡುವುದಿಲ್ಲ ಎಂಬ ದೂರು ಮುಖ್ಯ ಕಾರಣಗಳಲ್ಲಿ ಒಂದು. ಜುಲೈನಲ್ಲಿ ಮೈಕ್ರೋಸಾಫ್ಟ್ ಸುಮಾರು 9 ಸಾವಿರ ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು, ಅದರಲ್ಲಿ ಗೇಮ್ ವಿಭಾಗದವರೂ ಇದ್ದರು. ವರ್ಷಗಟ್ಟಲೆ ಕೆಲಸ ನಡೆದಿದ್ದ ಪರ್ಫೆಕ್ಟ್ ಡಾರ್ಕ್ ಗೇಮ್ ಅರ್ಧದಲ್ಲೇ ನಿಂತಿತು. ಸೆಪ್ಟೆಂಬರಿನಲ್ಲಿ ಬ್ಯಾಟಲ್‌ಫೀಲ್ಡ್ ತರುವ ಇಎ ಕಂಪನಿಯನ್ನು 55 ಬಿಲಿಯನ್ ಡಾಲರಿಗೆ ಕೊಳ್ಳುವ ಒಪ್ಪಂದ ಹೊರಬಿತ್ತು. ಕೊಳ್ಳುವವರಲ್ಲಿ ಸೌದಿ ಅರೇಬಿಯಾದ ಸರ್ಕಾರಿ ನಿಧಿ ಮುಂದಿದೆ. ಆ 55 ಬಿಲಿಯನ್‌ನಲ್ಲಿ 20 ಬಿಲಿಯನ್ ಸಾಲ. ಇಷ್ಟು ಸಾಲ ಹೊತ್ತ ಕಂಪನಿ ಹೊಸ ಪ್ರಯೋಗಕ್ಕೆ ಕೈಹಾಕುವುದು ಕಷ್ಟ ಅಂತ ನನಗೆ ಅನ್ನಿಸುತ್ತದೆ. ಬೆಲೆಯೂ ಏರಿತು. ಸ್ವಿಚ್ 2 ಜೊತೆ ಬಂದ ಮಾರಿಯೋ ಕಾರ್ಟ್ ವರ್ಲ್ಡ್ ಒಂದಕ್ಕೇ 80 ಡಾಲರ್, ಅಂದರೆ 7 ಸಾವಿರ ರೂಪಾಯಿ ಹತ್ತಿರ.

ಸಣ್ಣವರಿಗೆ ಜಾಗ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಗ್ರ್ಯಾಂಡ್ ಥೆಫ್ಟ್ ಆಟೋ ಎಂಬ ಭಾರೀ ಸರಣಿಯ ಹೊಸ ಗೇಮ್ ಜಿಟಿಎ 6 ಮೊದಲು 2025ಕ್ಕೆ ಬರಬೇಕಿತ್ತು. ಅದು 2026ರ ಮೇಗೆ ಹೋಯಿತು, ಆಮೇಲೆ 2026ರ ನವೆಂಬರ್ 19ಕ್ಕೆ. ಅದರ ಹಿಂದಿನ ಗೇಮ್ 2013ರಲ್ಲಿ ಮೂರೇ ದಿನಕ್ಕೆ 1 ಬಿಲಿಯನ್ ಡಾಲರ್ ವ್ಯಾಪಾರ ಮಾಡಿತ್ತು. ಅಂಥ ಆನೆ ದಾರಿಯಲ್ಲಿ ಇಲ್ಲದಿದ್ದಾಗ ಉಳಿದವರಿಗೆ ಓಡಾಡಲು ಜಾಗ ಆಗುತ್ತದೆ. ಇದು ಪ್ರತಿ ವರ್ಷ ಸಿಗುವ ಅನುಕೂಲ ಅಲ್ಲ.

ಗೆದ್ದವರನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. 2025ರಲ್ಲಿ ಸ್ಟೀಮ್ ಒಂದರಲ್ಲೇ 19 ಸಾವಿರಕ್ಕೂ ಹೆಚ್ಚು ಹೊಸ ಗೇಮುಗಳು ಬಂದವು. ದಿನಕ್ಕೆ 50ಕ್ಕಿಂತ ಜಾಸ್ತಿ. ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ 10 ವಿಮರ್ಶೆಯೂ ಬಂದಿಲ್ಲ. ಯಾರೋ ಎರಡು ವರ್ಷ ಕೂತು ಮಾಡಿದ್ದನ್ನು ಯಾರೂ ನೋಡಲೇ ಇಲ್ಲ ಅಂತ ಇದರ ಅರ್ಥ. ಹಾಗಾಗಿ "ಕಾಲೇಜು ಬಿಟ್ಟು ಗೇಮ್ ಮಾಡು" ಅಂತ ನಾನು ಯಾರಿಗೂ ಹೇಳುವುದಿಲ್ಲ. ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಂಡು ಗೇಮ್ ಡಿಸೈನ್ ಕಲಿಸುತ್ತೇವೆ, ಕೆಲಸ ಗ್ಯಾರಂಟಿ ಅನ್ನುವವರನ್ನು ಕಂಡರೆ ಮನೆಯವರು ಎರಡು ಸಲ ಯೋಚಿಸಲಿ. ಬೆಂಗಳೂರಿನಲ್ಲಿ ಕೆಲಸ ಇದೆ. ಜಿಟಿಎ ಮಾಡುವ ರಾಕ್‌ಸ್ಟಾರ್‌ಗೆ ಅಲ್ಲಿ ದೊಡ್ಡ ಸ್ಟುಡಿಯೊ ಇದೆ. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಈಗ ಅದರದ್ದೇ ಭಾಗ. ಆದರೆ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ದೊಡ್ಡ ಗ್ರಾಫಿಕ್ಸ್ ಕಂಪನಿ ಕುಸಿದಾಗ ಬೆಂಗಳೂರಿನಲ್ಲಿ ಗ್ರಾಫಿಕ್ಸ್ ಕೆಲಸ ಮಾಡುತ್ತಿದ್ದ ಎಷ್ಟೋ ಜನ ದಿಢೀರ್ ಅಂತ ಬೀದಿಗೆ ಬಂದರು. ಅದನ್ನೂ ನೋಡಿದ್ದೇವೆ.

ನಮ್ಮ ಕಡೆ ಈ ವಿಷಯ ಎತ್ತಿದ ಕೂಡಲೇ ದೊಡ್ಡವರ ಮುಖ ಗಂಟಾಗುತ್ತದೆ. ಅದಕ್ಕೆ ಕಾರಣವೂ ಇದೆ. ರಮ್ಮಿ ಆಪ್, ಫ್ಯಾಂಟಸಿ ಕ್ರಿಕೆಟ್, ಬೆಟ್ಟಿಂಗ್‌ನಲ್ಲಿ ಸಾಲ ಮಾಡಿಕೊಂಡು ಒದ್ದಾಡಿದ ಮನೆಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಪಾಸು ಮಾಡಿತು, ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳಿಗೆ ಪೂರ್ತಿ ನಿಷೇಧ. ಕೌಶಲದ ಆಟ, ಅದೃಷ್ಟದ ಆಟ ಎಂಬ ಹಳೆಯ ವ್ಯತ್ಯಾಸ ಇನ್ನು ಲೆಕ್ಕಕ್ಕಿಲ್ಲ. ಅಂಥ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದರೂ ಶಿಕ್ಷೆ ಇದೆ. ಕಂಪನಿಗಳು ಕರ್ನಾಟಕ ಹೈಕೋರ್ಟಿಗೂ ಹೋದವು, ಆಮೇಲೆ ಎಲ್ಲ ಅರ್ಜಿಗಳನ್ನೂ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ಇದೇ ಕಾನೂನಿನಲ್ಲಿ ಇನ್ನೊಂದು ಭಾಗ ಇದೆ. ಅದರ ಬಗ್ಗೆ ನಮ್ಮಲ್ಲಿ ಮಾತು ಕಮ್ಮಿ. ಇ-ಸ್ಪೋರ್ಟ್ಸ್, ಅಂದರೆ ವಿಡಿಯೋ ಗೇಮ್ ಪಂದ್ಯಗಳನ್ನು ಕ್ರೀಡೆ ಅಂತ ಅದು ಗುರುತಿಸುತ್ತದೆ, ಬಾಜಿ ಇಲ್ಲದ ಗೇಮುಗಳಿಗೆ ಪ್ರೋತ್ಸಾಹ ಕೊಡಬೇಕು ಅನ್ನುತ್ತದೆ. ಅಂದರೆ ಮಗ ಲ್ಯಾಪ್‌ಟಾಪಿನಲ್ಲಿ ಸಿಲ್ಕ್‌ಸಾಂಗ್ ಆಡುವುದಕ್ಕೂ ಪಕ್ಕದ ಮನೆಯವರು ರಮ್ಮಿಯಲ್ಲಿ ಅಡಿಕೆ ದುಡ್ಡು ಕಳೆದುಕೊಂಡಿದ್ದಕ್ಕೂ ಸಂಬಂಧ ಇಲ್ಲ ಅಂತ ಕಾನೂನೇ ಹೇಳುತ್ತಿದೆ. ಮನೆಯಲ್ಲೂ ಈ ವ್ಯತ್ಯಾಸ ಮಾಡಬೇಕು. ಹಾಗಂತ ಬಾಜಿ ಇಲ್ಲದ ಗೇಮೆಲ್ಲ ಸಾಧು ಅಂತಲೂ ಅಲ್ಲ. ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಗೇಮಿನಲ್ಲಿ ಯುಸಿ, ಅಂದರೆ ಗೇಮಿನೊಳಗಿನ ದುಡ್ಡು ಹಾಕಿಸಿ, ಗನ್ನಿನ ಸ್ಕಿನ್‌ಗೆ, ಅಂದರೆ ಅದರ ಹೊರ ಅಲಂಕಾರಕ್ಕೆ ಸಾವಿರಗಟ್ಟಲೆ ಸುರಿಯುವ ಮಕ್ಕಳಿದ್ದಾರೆ. ಏನು ಸಿಗುತ್ತದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ಗೇಮಿನೊಳಗಿನ ಪೆಟ್ಟಿಗೆ ತೆರೆಯುವ ಚಟ ಜೂಜಿನ ಪಕ್ಕದ ಮನೆಯದ್ದೇ. ಒಂದು ಸಲ ದುಡ್ಡು ಕೊಟ್ಟು ಕೊಂಡು, ಮುಗಿಸಿ, ಬದಿಗಿಡುವ ಗೇಮು ಎಷ್ಟೋ ಮೇಲು. 2025ರಲ್ಲಿ ಗೆದ್ದ ಸಣ್ಣ ಗೇಮುಗಳಲ್ಲಿ ಹೆಚ್ಚಿನವು ಈ ಜಾತಿಯವು.

ಈಗ ನಮ್ಮ ಮಳೆ, ಕರೆಂಟು, ಟವರಿನ ಕಥೆಗೆ ಬರೋಣ. ಹೊಸನಗರ ಕಡೆಯ ನನ್ನ ಅತ್ತೆಯ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹಾಸ್ಟೆಲಿನಲ್ಲಿದ್ದಾಗ ಎಲ್ಲ ಗೇಮೂ ಆಡುತ್ತಾನೆ, ಮನೆಗೆ ಹೋದರೆ ಆಟ ಬಂದ್. "ಮಳೆ ಬಂದ್ರೆ ಕರೆಂಟ್ ಹೋಗ್ತದೆ, ಕರೆಂಟ್ ಹೋಗಿ ಒಂದು ತಾಸಿಗೆ ಟವರ್ ಬ್ಯಾಟರೀನೂ ಹೋಗ್ತದೆ. ಡೌನ್‌ಲೋಡ್ ಎಲ್ಲಿಂದ ಮಾಡೂದು ಮಾರಾಯ?" ಅನ್ನುತ್ತಾನೆ. ಈಗಿನ ದೊಡ್ಡ ಗೇಮುಗಳು 100 ಜಿಬಿ ಹತ್ತಿರ ಇರುತ್ತವೆ. ದಿನಕ್ಕೆ 2 ಜಿಬಿ ಡೇಟಾ ಪ್ಯಾಕಿನಲ್ಲಿ ಅದು ಇಳಿಯಲು 50 ದಿನ ಬೇಕು, ಅದೂ ಬೇರೆ ಯಾವುದಕ್ಕೂ ಫೋನ್ ಮುಟ್ಟದಿದ್ದರೆ. ಇಳಿಯುವುದರೊಳಗೆ ಹೊಸ ಅಪ್‌ಡೇಟ್ ಬಂದಿರುತ್ತದೆ. ಸಿಲ್ಕ್‌ಸಾಂಗ್ 8 ಜಿಬಿ. ನಾಲ್ಕು ದಿನ ಸಾಕು. ಅದನ್ನು ಓಡಿಸಲು 4 ಜಿಬಿ ರ‍್ಯಾಮ್, ಹತ್ತು ಚಿಲ್ಲರೆ ವರ್ಷದ ಹಿಂದಿನ ಐ3 ಪ್ರೊಸೆಸರ್, ಅಷ್ಟೇ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೂ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಇದು ಸಾಧ್ಯ. ಸ್ಟೀಮ್‌ನಲ್ಲಿ ಈಗ ರೂಪಾಯಿಯಲ್ಲೇ ಬೆಲೆ, ಯುಪಿಐನಲ್ಲೇ ಪಾವತಿ. ಎಷ್ಟೋ ಗೇಮುಗಳಿಗೆ ಡಾಲರ್ ಲೆಕ್ಕಕ್ಕಿಂತ ಇಲ್ಲಿ ಬೆಲೆ ಕಮ್ಮಿ. ಮಾರ್ಚ್‌ನಲ್ಲಿ ಬಂದ ಸ್ಪ್ಲಿಟ್ ಫಿಕ್ಷನ್‌ನಲ್ಲಂತೂ ಇಬ್ಬರಲ್ಲಿ ಒಬ್ಬರು ಕೊಂಡರೆ ಸಾಕು, ಗೆಳೆಯ ಪುಕ್ಕಟೆ ಜೊತೆಗೂಡಬಹುದು. ಸಣ್ಣ ಗಾತ್ರ, ಕಮ್ಮಿ ಬೆಲೆ, ಹಳೆ ಯಂತ್ರ: ಈ ಮೂರು ಸೇರಿದಾಗ ಹಳ್ಳಿಯ ಹುಡುಗಿಗೂ ಒಳ್ಳೆಯ ಗೇಮ್ ಸಿಗುತ್ತದೆ. ಒಳ್ಳೆಯದನ್ನು ಆಡದೆ ಒಳ್ಳೆಯದನ್ನು ಮಾಡಲು ಆಗುವುದಿಲ್ಲ, ಅಲ್ವಾ?

ಇನ್ನು ಕಥೆಯ ವಿಷಯ. ಇಲ್ಲಿ ನಮಗೆ ಬಡತನವೇ ಇಲ್ಲ. 2025ರ ಫೆಬ್ರವರಿ 4ಕ್ಕೆ ಬಂದ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2 ನೋಡಿ. ಜೆಕ್ ದೇಶದ ವಾರ್‌ಹಾರ್ಸ್ ಸ್ಟುಡಿಯೊದ್ದು. ಒಂದೇ ದಿನಕ್ಕೆ 10 ಲಕ್ಷ ಪ್ರತಿ, ಎರಡು ವಾರದೊಳಗೆ 20 ಲಕ್ಷ. ಕಾಲ 1403. ಜಾಗ ಕುಟೆನ್‌ಬರ್ಗ್, ಬೆಳ್ಳಿ ಗಣಿಯಿಂದ ಶ್ರೀಮಂತವಾದ ಊರು. ಈಗಿನ ಹೆಸರು ಕುಟ್ನಾ ಹೋರಾ. ಆಡುವವನು ಕಮ್ಮಾರನ ಸಾಕುಮಗ ಹೆನ್ರಿ. ಬಟ್ಟೆ ಕೊಳಕಾಗಿದ್ದರೆ ಜನ ಸರಿಯಾಗಿ ಮಾತಾಡಿಸುವುದಿಲ್ಲ. ಮದ್ದು ಬೇಕಾದರೆ ಸೊಪ್ಪು ಅರೆದು, ಕುದಿಸಿ ಕೈಯಾರೆ ಮಾಡಬೇಕು. ಆ ಊರಿನ ದೊಡ್ಡ ಇಗರ್ಜಿ ಇನ್ನೂ ಕಟ್ಟುತ್ತಿರುವ ಸ್ಥಿತಿಯಲ್ಲಿ ಕಾಣುತ್ತದೆ. ಹೊರಗಿನವರು ಹೆಸರೇ ಕೇಳಿರದ ಒಂದು ಊರನ್ನು ಇಷ್ಟು ಅಕ್ಕರೆಯಿಂದ ಕಟ್ಟಿದರು, ಜಗತ್ತು ದುಡ್ಡು ಕೊಟ್ಟು ನೋಡಿತು.

ನಮ್ಮ ಇಕ್ಕೇರಿ ಯಾವುದರಲ್ಲಿ ಕಮ್ಮಿ? 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಗೇರುಸೊಪ್ಪೆ ಮೇಲೆ ಘಟ್ಟ ಹತ್ತಿ ವೆಂಕಟಪ್ಪ ನಾಯಕರ ಕಾಲದ ಇಕ್ಕೇರಿಗೆ ಬಂದ. ದಾರಿ, ಬೀದಿ, ಮೆರವಣಿಗೆ, ಉಡುಪು ಎಲ್ಲ ಬರೆದಿಟ್ಟಿದ್ದಾನೆ. ಘಟ್ಟದ ಮೇಲೆ ಗುಡಿಯ ಜಗಲಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಹೇಳಿಕೊಳ್ಳುತ್ತಾ ಲೆಕ್ಕ ಕಲಿಯುತ್ತಿದ್ದುದನ್ನೂ ಬಿಟ್ಟಿಲ್ಲ. ಗೇಮ್ ಮಾಡುವವರಿಗೆ ಇದಕ್ಕಿಂತ ಏನು ಬೇಕು? ಅಘೋರೇಶ್ವರ ದೇವಸ್ಥಾನ ಇವತ್ತಿಗೂ ನಿಂತಿದೆ, ಅಳತೆ ತೆಗೆಯಬಹುದು. ಬಿದನೂರಿನ ಕಾಳುಮೆಣಸಿನ ವ್ಯಾಪಾರ ಇದೆ. ಕವಲೇದುರ್ಗದ ಕೋಟೆ ಇದೆ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದಾಗ ಶಿವಾಜಿಯ ಮಗ ರಾಜಾರಾಮ ಕೆಳದಿ ಸೀಮೆಗೆ ಬಂದ, ರಾಣಿ ಚೆನ್ನಮ್ಮ ಅವನಿಗೆ ಆಸರೆ ಕೊಟ್ಟಳು, ಅಲ್ಲಿಂದ ಅವನು ಜಿಂಜಿಗೆ ತಪ್ಪಿಸಿಕೊಂಡು ಹೋದ. ವೇಷ ಮರೆಸಿಕೊಂಡವನೊಬ್ಬನನ್ನು ರಾತ್ರೋರಾತ್ರಿ ಕಾಡು ದಾಟಿಸಬೇಕು, ಯಾವ ಊರಿನಲ್ಲಿ ಯಾರನ್ನು ನಂಬುವುದು ಅಂತ ಪ್ರತಿ ಹೆಜ್ಜೆಗೂ ತೀರ್ಮಾನಿಸಬೇಕು. ಗೇಮಿಗೆ ಬೇಕಾದ ಗಂಟು ಇದರಲ್ಲೇ ಕೂತಿದೆ. ದೊಡ್ಡ ಯುದ್ಧ ತೋರಿಸುವ ಖರ್ಚೂ ಇಲ್ಲ.

ಪುಣೆಯ ನಾಡಿಂಗ್ ಹೆಡ್ಸ್ 2020ರಲ್ಲಿ ರಾಜಿ ಎಂಬ ಗೇಮ್ ತಂದು, ನಮ್ಮ ಪುರಾಣ, ನಮ್ಮ ಶಿಲ್ಪ ಹೊರದೇಶಕ್ಕೂ ಹೋಗುತ್ತದೆ ಅಂತ ತೋರಿಸಿತು. ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್‌ಗೆ ಅಂತಲೇ 2012ರಲ್ಲಿ ನೀತಿ ಮಾಡಿತ್ತು, ಈಗ 2024ರಿಂದ 29ರವರೆಗಿನ ಹೊಸ ನೀತಿ ನಡೆಯುತ್ತಿದೆ. ಆದರೆ ಅದರ ಗುರುತು ಬೆಂಗಳೂರು ಬಿಟ್ಟು ಈಚೆ ಕಾಣುವುದು ಕಷ್ಟ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಶುರುವಾಗಿ ಇಡೀ ನಾಡಿಗೆ ನಾಟಕದವರನ್ನು ಕೊಟ್ಟಿದೆ. ಕಥೆ ಬರೆಯುವವರು, ದನಿ ಕೊಡುವವರು, ಬೆಳಕು ಗೊತ್ತಿರುವವರು, ವೇಷ ಹೊಲಿಯುವವರು ಸಾಗರದ ಸುತ್ತಮುತ್ತಲೇ ಇದ್ದಾರೆ. ಕೋಡ್ ಬರೆಯುವವರು ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಇದ್ದಾರೆ. ಇವರು ಒಂದು ಮೇಜಿನ ಸುತ್ತ ಕೂರುವ ಸಂದರ್ಭ ಮಾತ್ರ ಇಲ್ಲ. ನನಗೆ ಬೇಸರ ಇರುವುದು ಅದರ ಬಗ್ಗೆಯೇ.

ಸಲಕರಣೆಗೆ ಈಗ ದುಡ್ಡು ಬೇಕಿಲ್ಲ. ಗೋಡೋ ಎಂಬ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಪೂರ್ತಿ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಮೊದಲೆಲ್ಲ ಗೇಮಿನೊಳಗೆ ಕನ್ನಡ ಹಾಕಿದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸಿಡಿಯುತ್ತಿತ್ತು, "ಅಮ್ಮ" ಅನ್ನುವುದು "ಅಮ್‌ಮ" ಆಗಿ ಕಾಣುತ್ತಿತ್ತು. ಈಗಲೂ ಕೆಲವು ಎಂಜಿನ್‌ಗಳಲ್ಲಿ ಈ ಗೋಳು ಇದೆ. 2023ರಲ್ಲಿ ಬಂದ ಗೋಡೋ 4ರಲ್ಲಿ ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಒಳಗೇ ಇದೆ. ಸ್ಟೀಮ್‌ನಲ್ಲಿ ಒಂದು ಗೇಮ್ ಹಾಕಲು 100 ಡಾಲರ್ ಕಟ್ಟಬೇಕು, 1,000 ಡಾಲರ್ ವ್ಯಾಪಾರ ಆದರೆ ಅದು ವಾಪಸ್. ಮಾರಾಟದಲ್ಲಿ ಸುಮಾರು 30 ಪರ್ಸೆಂಟ್ ಸ್ಟೀಮ್ ಹಿಡಿದುಕೊಳ್ಳುತ್ತದೆ.

ಪ್ರತಿ ಜನವರಿ ಕೊನೆಗೆ ಗ್ಲೋಬಲ್ ಗೇಮ್ ಜ್ಯಾಮ್ ನಡೆಯುತ್ತದೆ. ಒಂದು ವಿಷಯ ಕೊಡುತ್ತಾರೆ, ಕೆಲವೇ ದಿನದಲ್ಲಿ ಪುಟ್ಟ ಗೇಮ್ ಮಾಡಿ ಮುಗಿಸಬೇಕು. ಜಗತ್ತಿನ ಯಾವ ಕಾಲೇಜಾದರೂ ಅದಕ್ಕೆ ಜಾಗ ಕೊಡಲು ಹೆಸರು ಹಾಕಬಹುದು. ಶಿವಮೊಗ್ಗದ ಕಾಲೇಜೊಂದು ತನ್ನ ಲ್ಯಾಬ್, ನೆಟ್ಟು, ಜನರೇಟರ್ ಬಿಟ್ಟುಕೊಟ್ಟು, ಸಾಗರ ಕಡೆಯ ನಾಟಕದ ಗೆಳೆಯರನ್ನೂ ಕರೆದರೆ ಸಾಕು. ಜನವರಿಯಲ್ಲಿ ನಮ್ಮಲ್ಲಿ ಮಳೆ ಇಲ್ಲ, ಕರೆಂಟೂ ಸುಮಾರಾಗಿ ಇರುತ್ತದೆ. ಮೊದಲ ವರ್ಷ ಬರುವ ಗೇಮುಗಳು ಹರಕುಮುರುಕಾಗಿಯೇ ಇರುತ್ತವೆ. ಇರಲಿ. ಆದರೆ ಮುಗಿಸಿದ ಗೇಮುಗಳಾಗಿರಬೇಕು, ಯಾಕೆಂದರೆ ಈ ಕೆಲಸದಲ್ಲಿ ಅರ್ಧಕ್ಕೆ ನಿಂತವುಗಳೇ ಜಾಸ್ತಿ.